ಯುದ್ಧ ಮುಗಿದಿತ್ತು, ಚೀಟಿ ಬಂದಿರಲಿಲ್ಲ: ಬಿಡುಗಡೆಗೆ ಕಾದ ಸೈನಿಕರ ದಿನಗಳು

ತಾಳವಾಡಿ: ಬೆಟ್ಟದ ಸೀಮೆಯ ಯಾವುದಾದರೂ ಹಳೆಯ ಮನೆಯ ಅಟ್ಟದಲ್ಲಿ ಕಬ್ಬಿಣದ ಟ್ರಂಕು ಇದ್ದು, ಅದರ ತಳದಲ್ಲಿ ಎರಡನೇ ಮಹಾಯುದ್ಧದ ಕಾಲದ ಡಿಸ್ಚಾರ್ಜ್ ಪುಸ್ತಕ ಸಿಕ್ಕಿದರೆ ಅದರಲ್ಲಿ ಎರಡು ಜಾಗ ನೋಡಬೇಕು. ಒಂದು, ಸೈನ್ಯಕ್ಕೆ ಸೇರಿದ ದಿನ. ಇನ್ನೊಂದು, ಸೈನ್ಯ ಬಿಟ್ಟ ದಿನ. ಜಪಾನ್ ಸೋಲೊಪ್ಪಿಕೊಂಡ ಸುದ್ದಿ ಬಂದಿದ್ದು 1945ರ ಆಗಸ್ಟ್ 15ರಂದು. ಶರಣಾಗತಿ ಪತ್ರಕ್ಕೆ ಸಹಿ ಬಿದ್ದಿದ್ದು ಸೆಪ್ಟೆಂಬರ್ 2ರಂದು. ಅಲ್ಲಿಗೆ ಯುದ್ಧ ಮುಗಿಯಿತು. ಆದರೆ ಸಾವಿರಾರು ಸೈನಿಕರ ಪುಸ್ತಕದಲ್ಲಿ ಬಿಟ್ಟ ದಿನ 1946 ಎಂದಿರುತ್ತದೆ, ಕೆಲವರದ್ದು 1947 ಎಂದೂ ಇರುತ್ತದೆ.

ನಡುವಿನ ಆ ತಿಂಗಳುಗಳಲ್ಲಿ ಅವರು ಏನು ಮಾಡುತ್ತಿದ್ದರು? ಶತ್ರು ಇಲ್ಲ, ಗುಂಡಿನ ಸದ್ದಿಲ್ಲ, ಆದರೂ ಮನೆಗೆ ಹೋಗುವಂತಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಂತೆ, ಸರ್ಕಾರ ಶಾಂತಿ ಸಾರಿದರೂ ಗುಮಾಸ್ತನ ಮೇಜಿನಿಂದ ಬಿಡುಗಡೆ ಚೀಟಿ ಬರಬೇಕಿತ್ತು. ಯುದ್ಧದ ಕಥೆಗಳು ಹೇರಳವಾಗಿವೆ. ಈ ಕಾಯುವಿಕೆಯ ಕಥೆಯನ್ನು ಹೇಳಿದವರು ಕಡಿಮೆ. ಇಂದು ಅಗ್ನಿವೀರರ ಕಾಲದಲ್ಲಿ ಅದನ್ನು ಮತ್ತೊಮ್ಮೆ ನೋಡುವುದು ಉಪಯುಕ್ತ.

ಒಂದು ಭಾಷೆ, ಎರಡು ಪಟಾಲಂ

ತಾಳವಾಡಿ ಬೆಟ್ಟ ಈಗ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಮನೆಮಾತು ಕನ್ನಡ, ಕಚೇರಿ ಮಾತು ತಮಿಳು. ಜಿಲ್ಲಾ ಕೇಂದ್ರ ಈರೋಡಿಗೆ ದಿಂಬಂ ಘಾಟಿಯ 27 ತಿರುವು ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಕರ್ನಾಟಕದ ಚಾಮರಾಜನಗರ ಅದರ ಸುಮಾರು ಕಾಲು ಭಾಗದಷ್ಟು ದೂರ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈ ಭಾಗ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಚಾಮರಾಜನಗರ ಮೈಸೂರು ಒಡೆಯರ ಸಂಸ್ಥಾನದಲ್ಲೇ ಉಳಿಯಿತು. ಅದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಬರಲಿಲ್ಲ. 1979ರಲ್ಲಿ ಕೊಯಮತ್ತೂರನ್ನು ಒಡೆದು ಈರೋಡ್ ಕೇಂದ್ರವಾಗಿ ಪೆರಿಯಾರ್ ಜಿಲ್ಲೆ ಮಾಡಿದಾಗ ಬೆಟ್ಟ ಅದಕ್ಕೆ ಸೇರಿತು.

ಈ ಗಡಿಯಿಂದಾಗಿ ಒಂದೇ ಭಾಷೆ ಆಡುವ, ಹೆಣ್ಣು ಕೊಟ್ಟು ತರುವ ನೆಂಟಸ್ತಿಕೆ ಇರುವ ಊರುಗಳ ಹುಡುಗರ ಮುಂದೆ ಎರಡು ಬೇರೆ ಬೇರೆ ಸೈನ್ಯಗಳಿದ್ದವು. ಗಡಿಯ ಈಚೆಗೆ ಮದ್ರಾಸ್ ಪ್ರಾಂತ, ಅಂದರೆ ಬ್ರಿಟಿಷ್ ಭಾರತದ ಸೈನ್ಯ. ಗಡಿಯ ಆಚೆಗೆ ಮಹಾರಾಜರ ಮೈಸೂರು ಸೈನ್ಯ. ಜನ ಎರಡನ್ನೂ 'ಮಿಲಿಟ್ರಿ' ಎಂದರು, ಹಿರಿಯರು 'ಪಟಾಲಂ' ಎಂದರು. ಆದರೆ ಯಾರನ್ನು ಯಾವಾಗ ಮನೆಗೆ ಕಳಿಸಬೇಕು ಎಂದು ತೀರ್ಮಾನಿಸುವ ಕಚೇರಿಗಳು ಬೇರೆ ಬೇರೆ.

ಮೊದಲ ಮಹಾಯುದ್ಧದ ನಂತರ ಬ್ರಿಟಿಷರು ಮದ್ರಾಸಿನ ಕಾಲಾಳು ಪಡೆಗಳನ್ನು ಬರಖಾಸ್ತು ಮಾಡಿದ್ದರು. 'ಯುದ್ಧಕ್ಕೆ ಯೋಗ್ಯ ಜಾತಿ'ಗಳೆಲ್ಲ ಉತ್ತರದಲ್ಲಿವೆ ಎಂಬುದು ಅವರ ನಂಬಿಕೆ. ಎರಡನೇ ಯುದ್ಧದಲ್ಲಿ ಆಳು ಸಾಲದೆ ಬಂದಾಗ ಆ ನಂಬಿಕೆಯನ್ನು ಪಕ್ಕಕ್ಕಿಟ್ಟು ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. ಅದರ ತರಬೇತಿ ಕೇಂದ್ರ ಇದ್ದಿದ್ದು ಕೊಯಮತ್ತೂರಿನ ಪಕ್ಕದ ಮಧುಕ್ಕರೆಯಲ್ಲಿ. 1947ರಲ್ಲಿ ಅದು ನೀಲಗಿರಿಯ ವೆಲ್ಲಿಂಗ್ಟನ್‌ಗೆ ಹೋಯಿತು, ಇಂದಿಗೂ ಅಲ್ಲೇ ಇದೆ. ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಬಳಿ. ದಕ್ಷಿಣದಿಂದ ಸೇರಿದವರಲ್ಲಿ ಬಹಳಷ್ಟು ಮಂದಿ ಬಂದೂಕಿಗಿಂತ ಹೆಚ್ಚಾಗಿ ಸ್ಟಿಯರಿಂಗ್, ಸ್ಪಾನರ್, ಸೌಟು ಹಿಡಿದವರು. ಲಾರಿ ಚಾಲಕರು, ಮೆಕ್ಯಾನಿಕ್‌ಗಳು, ಆಸ್ಪತ್ರೆಯ ಆರ್ಡರ್ಲಿಗಳು, ಅಡುಗೆಯವರು, ರಸ್ತೆ ಕಡಿಯುವ ಪಯನಿಯರ್‌ಗಳು.

25 ಲಕ್ಷ ಜನರನ್ನು ಮನೆಗೆ ಕಳಿಸುವುದು

1939ರಲ್ಲಿ ಭಾರತದ ಸೈನ್ಯದಲ್ಲಿ ಇದ್ದವರು ಸುಮಾರು 2 ಲಕ್ಷ. 1945ರ ಹೊತ್ತಿಗೆ ಸುಮಾರು 25 ಲಕ್ಷ. ಕಡ್ಡಾಯ ಭರ್ತಿ ಇಲ್ಲದೆ ಇಷ್ಟು ದೊಡ್ಡ ಸೈನ್ಯ ಜಗತ್ತಿನಲ್ಲಿ ಹಿಂದೆಂದೂ ಇರಲಿಲ್ಲ. ಸುಮಾರು 87 ಸಾವಿರ ಮಂದಿ ಸತ್ತರು. 1947ರಲ್ಲಿ ಸೈನ್ಯವನ್ನು ಭಾರತ ಮತ್ತು ಪಾಕಿಸ್ತಾನದ ನಡುವೆ ಹಂಚುವಾಗ ಉಳಿದಿದ್ದವರು ಸುಮಾರು 4 ಲಕ್ಷ. ಅಂದರೆ ಎರಡು ವರ್ಷದೊಳಗೆ 20 ಲಕ್ಷ ಮಂದಿಯನ್ನು ಸಮವಸ್ತ್ರ ಬಿಚ್ಚಿಸಿ ಊರಿಗೆ ಕಳಿಸಲಾಯಿತು.

ತಡವಾಗಲು ಕಾರಣಗಳು ಹಲವು. ಮೊದಲನೆಯದು ಹಡಗು. ಭಾರತದ ಪಡೆಗಳು ಇಟಲಿಯಿಂದ ಬರ್ಮಾದವರೆಗೆ, ಇರಾಕ್‌ನಿಂದ ಮಲಯದವರೆಗೆ ಚದುರಿದ್ದವು. ಅದೇ ಹಡಗುಗಳಲ್ಲಿ ಬ್ರಿಟಿಷ್ ಸೈನಿಕರೂ ಊರಿಗೆ ಹೋಗಬೇಕಿತ್ತು, ಜಪಾನಿನ ಸೆರೆಯಿಂದ ಬಿಡುಗಡೆಯಾದವರೂ ಹೋಗಬೇಕಿತ್ತು, ಧಾನ್ಯವೂ ಬರಬೇಕಿತ್ತು.

ಎರಡನೆಯದು, ಯುದ್ಧ ಮುಗಿದರೂ ಕಾವಲು ಮುಗಿದಿರಲಿಲ್ಲ. ಸೋತ ಜಪಾನಿ ಪಡೆಗಳಿಂದ ಆಯುಧ ಕಿತ್ತುಕೊಳ್ಳಲು ಭಾರತೀಯ ಸೈನಿಕರನ್ನು ಇಂಡೋನೇಷ್ಯಾಕ್ಕೆ, ವಿಯೆಟ್ನಾಮಿನ ಸೈಗಾನ್‌ಗೆ ಕಳಿಸಲಾಯಿತು. ಅಲ್ಲಿ ಡಚ್ಚರು, ಫ್ರೆಂಚರು ಮತ್ತೆ ಆಳಲು ಬರುವುದನ್ನು ಅಲ್ಲಿನ ಜನ ಒಪ್ಪಲಿಲ್ಲ. 1945ರ ಅಕ್ಟೋಬರ್, ನವೆಂಬರ್‌ನಲ್ಲಿ ಜಾವಾದ ಸುರಬಾಯಾದಲ್ಲಿ ದೊಡ್ಡ ಕಾಳಗವೇ ನಡೆಯಿತು. ಮಹಾಯುದ್ಧವನ್ನು ದಾಟಿ ಬದುಕಿದವರು ಶಾಂತಿ ಕಾಲದಲ್ಲಿ, ಬೇರೆಯವರ ಜಗಳದಲ್ಲಿ ಪ್ರಾಣ ಬಿಟ್ಟರು. 1946ರಿಂದ ಒಂದು ವಿಭಾಗ ಜಪಾನಿನಲ್ಲೇ ಕಾವಲಿಗಿತ್ತು.

ಮೂರನೆಯದು ಕಾಗದ. ಪ್ರತಿಯೊಬ್ಬನ ಸಂಬಳದ ಬಾಕಿ, ಕಳಿಸಿದ ಕುಟುಂಬ ಭತ್ಯೆ, ಗ್ರಾಚ್ಯುಟಿ, ಉಳಿದ ರಜೆ, ವೈದ್ಯಕೀಯ ತಪಾಸಣೆ ಎಲ್ಲವನ್ನೂ ಲೆಕ್ಕ ಹಾಕಬೇಕು. ಕಂಪ್ಯೂಟರ್ ಇಲ್ಲದ ಕಾಲ. ಒಬ್ಬನ ಕಡತ ಒಂದು ಊರಿನಲ್ಲಿ, ಆತ ಇನ್ನೊಂದು ದೇಶದಲ್ಲಿ. ಇದರ ಜೊತೆಗೆ, ಲಕ್ಷಾಂತರ ಯುವಕರನ್ನು ಒಮ್ಮೆಲೇ ಬಿಟ್ಟರೆ ಕೆಲಸ ಎಲ್ಲಿಂದ ಕೊಡುವುದು ಎಂಬ ಭಯ ಸರ್ಕಾರಕ್ಕಿತ್ತು. ಹೀಗಾಗಿ ಕಂತು ಕಂತಾಗಿ ಬಿಡುವುದೆಂದು ತೀರ್ಮಾನವಾಯಿತು.

ಸಂಜೆ ಐದರ ನಂತರ

ಕಾಯುವ ಶಿಬಿರದ ದಿನಚರಿ ಹೊರಗಿನಿಂದ ನೋಡಿದರೆ ಸುಖವೇ. ಬೆಳಿಗ್ಗೆ ಪಿ.ಟಿ., ಪರೇಡ್, ಹತ್ಯಾರು ಒರೆಸುವುದು. ಆಮೇಲೆ 'ಫಟೀಗ್', ಅಂದರೆ ಹುಲ್ಲು ಕೀಳುವುದು, ಕಲ್ಲಿಗೆ ಸುಣ್ಣ ಬಳಿಯುವುದು, ಸಾಮಾನು ಎಣಿಸುವುದು. ಯುದ್ಧವಿದ್ದಾಗ ಅರ್ಥವಿದ್ದ ಕೆಲಸ ಈಗ ಹೊತ್ತು ಕಳೆಯುವುದಕ್ಕೆ. ಮಧ್ಯಾಹ್ನದ ನಂತರ ಬಿಡುವು. ರಾತ್ರಿ ರೋಲ್ ಕಾಲ್‌ಗೆ ಹಾಜರಿದ್ದರೆ ಸಾಕು.

ಆ ಬಿಡುವನ್ನು ತುಂಬಲು ಸೈನ್ಯ ತನ್ನದೇ ಏರ್ಪಾಡು ಮಾಡಿತ್ತು. ಹಾಕಿ, ಫುಟ್‌ಬಾಲ್, ಕಬಡ್ಡಿ, ಕುಸ್ತಿ. ಪರದೆ ಕಟ್ಟಿ ತೋರಿಸುವ ಸಿನಿಮಾ. ಹಾಡು, ನಾಟಕ, ಹಾಸ್ಯದ ತಂಡಗಳನ್ನು ಶಿಬಿರದಿಂದ ಶಿಬಿರಕ್ಕೆ ಕರೆದೊಯ್ಯುತ್ತಿದ್ದ ಸಂಸ್ಥೆಯೊಂದಿತ್ತು, ಹೆಸರು 'ಫೌಜಿ ದಿಲ್‌ಖುಷ್ ಸಭಾ'! ಓದಲು 'ಫೌಜಿ ಅಖ್ಬಾರ್' ಬರುತ್ತಿತ್ತು. 1909ರಲ್ಲಿ ಆರಂಭವಾದ ಆ ಪತ್ರಿಕೆ 1954ರಲ್ಲಿ 'ಸೈನಿಕ ಸಮಾಚಾರ' ಎಂದು ಹೆಸರು ಬದಲಿಸಿಕೊಂಡು ಉಳಿದಿದೆ.

ಕನ್ನಡದ ಹುಡುಗನಿಗೆ ಇದರಲ್ಲಿ ಒಂದು ತೊಡಕು. ಸೈನ್ಯದ ಒಳಭಾಷೆ ರೋಮನ್ ಅಕ್ಷರದಲ್ಲಿ ಬರೆದ ಹಿಂದೂಸ್ತಾನಿ. ಹೋದ ವರ್ಷಗಳಲ್ಲಿ ಅದನ್ನು ಕಲಿತೇ ಇರುತ್ತಾನೆ. ಪಕ್ಕದ ಮಂಚದವನು ತಮಿಳಿನವನೋ, ತೆಲುಗಿನವನೋ, ಮಲಯಾಳದವನೋ. ತಾಳವಾಡಿಯಂಥ ಗಡಿ ಸೀಮೆಯವನಿಗೆ ತಮಿಳು ಮೊದಲೇ ಬರುತ್ತಿದ್ದುದು ಅನುಕೂಲ. ಊಟದಲ್ಲೂ ಸೈನ್ಯಕ್ಕೆ ಗೊತ್ತಿದ್ದುದು ಎರಡೇ ಲೆಕ್ಕ: ಅಕ್ಕಿ ತಿನ್ನುವವರು, ಆಟಾ ತಿನ್ನುವವರು. ರಾಗಿ ಮುದ್ದೆ ತಿಂದು ಬೆಳೆದವನು ಅಕ್ಕಿಯ ಪಟ್ಟಿಗೆ ಬೀಳುತ್ತಿದ್ದ. ಅಂದಿನ ಬೆಟ್ಟದ ಬಡ ಮನೆಗಳಲ್ಲಿ ಅನ್ನ ಹಬ್ಬದ ಊಟ. ದಿನವೂ ಅನ್ನ ಸಿಗುವುದು ಕೆಲವರಿಗೆ ಸೈನ್ಯಕ್ಕೆ ಸೇರಲು ಒಂದು ಕಾರಣವೇ ಆಗಿತ್ತು.

ಬಿಡುಗಡೆಗೆ ಮುಂಚಿನ ತರಬೇತಿ ತರಗತಿಗಳೂ ಇದ್ದವು. ಬೇಸಾಯ, ಕೋಳಿ ಸಾಕಣೆ, ಬಡಗಿ ಕೆಲಸ, ಹೊಲಿಗೆ, ಓದು ಬರಹ. ಸಹಿ ಮಾಡಲು ಬಾರದೆ ಹೋದವನು ಕಾಗದ ಬರೆಯಲು ಕಲಿತು ಬಂದ ಉದಾಹರಣೆಗಳು ದೇಶದ ಎಲ್ಲ ಕಡೆ ಇವೆ. ಉಳುವವನ ಮಗನಿಗೆ ಬೇಸಾಯದ ಪಾಠ ಮಾಡಿದ್ದು ತಮಾಷೆಯಾಗಿ ಕಾಣಬಹುದು. ಆದರೆ ಗೊಬ್ಬರ, ಸೊಳ್ಳೆ ನಿಯಂತ್ರಣ, ಕುದಿಸಿದ ನೀರು ಇವೆಲ್ಲ ಹಳ್ಳಿಗಳಿಗೆ ಹೊಸ ವಿಷಯವಾಗಿದ್ದ ಕಾಲವದು.

ಇಷ್ಟಿದ್ದೂ ಹೊತ್ತು ಹೋಗುತ್ತಿರಲಿಲ್ಲ. ಯಾವ ದಿನ ಬಿಡುತ್ತಾರೆ ಎಂದು ಗೊತ್ತಿದ್ದರೆ ಎಣಿಸಬಹುದು. ಗೊತ್ತಿಲ್ಲದಿದ್ದಾಗ ಎಣಿಸಲು ಏನೂ ಇರುವುದಿಲ್ಲ. ಇಸ್ಪೀಟು, ಸಾಲ, ಕುಡಿತ, ಸಣ್ಣ ಮಾತಿಗೆ ಹೊಡೆದಾಟ ಎಲ್ಲ ದೇಶಗಳ ಕಾಯುವ ಶಿಬಿರಗಳಲ್ಲೂ ಕಂಡ ಸಂಗತಿಗಳು.

ಇದಕ್ಕೆ ಇಂಗ್ಲಿಷ್ ಭಾಷೆಯಲ್ಲಿ ಒಂದು ಪದವೇ ಹುಟ್ಟಿಕೊಂಡಿದೆ, ಅದೂ ನಮ್ಮ ದೇಶದಲ್ಲಿ. ನಾಸಿಕ್ ಬಳಿಯ ದೇವಲಾಲಿಯಲ್ಲಿ ಸೇವೆ ಮುಗಿದ ಬ್ರಿಟಿಷ್ ಸೈನಿಕರು ಹಡಗಿಗಾಗಿ ತಿಂಗಳುಗಟ್ಟಲೆ ಕಾಯುವ ಶಿಬಿರವಿತ್ತು. ಕೆಲಸವಿಲ್ಲ, ಬಿಸಿಲು, ಜ್ವರ. ಮಂಕಾದವರನ್ನು, ತಲೆ ಕೆಟ್ಟಂತೆ ಆಡುವವರನ್ನು 'ಡೂಲಾಲಿ ಟ್ಯಾಪ್' ಎಂದು ಕರೆಯತೊಡಗಿದರು. ಡೂಲಾಲಿ ಎಂದರೆ ದೇವಲಾಲಿ. ಟ್ಯಾಪ್ ಎಂದರೆ ನಮ್ಮ 'ತಾಪ'ವೇ! ಬುದ್ಧಿ ಕೆಟ್ಟವನನ್ನು ಇಂದಿಗೂ ಇಂಗ್ಲೆಂಡಿನಲ್ಲಿ 'ಡೂಲಾಲಿ' ಎನ್ನುತ್ತಾರೆ.

ಊರಿನಿಂದ ಬಂದ ಕಾಗದ

ಬ್ಯಾರಕ್ಕಿನಲ್ಲಿದ್ದವನ ಮನಸ್ಸು ಕೆಡಿಸಿದ್ದು ಬರೀ ಬೇಸರವಲ್ಲ. 1945ರ ಕೊನೆಯಲ್ಲಿ ದಕ್ಷಿಣದಲ್ಲಿ ಹಿಂಗಾರು ಮಳೆ ಕೈಕೊಟ್ಟಿತು. 1946ರಲ್ಲಿ ಮದ್ರಾಸ್ ಪ್ರಾಂತ, ಮೈಸೂರು ಸಂಸ್ಥಾನ ಎರಡರಲ್ಲೂ ಆಹಾರದ ಬಿಕ್ಕಟ್ಟು. ಆ ವರ್ಷದ ಆರಂಭದಲ್ಲಿ ಸರ್ಕಾರ ಪಡಿತರ ಧಾನ್ಯವನ್ನು ದಿನಕ್ಕೆ 16 ಔನ್ಸ್‌ನಿಂದ 12 ಔನ್ಸ್‌ಗೆ ಇಳಿಸಿತು. 12 ಔನ್ಸ್ ಎಂದರೆ ಸುಮಾರು 340 ಗ್ರಾಂ. ಹೊಲದಲ್ಲಿ ದುಡಿಯುವವನಿಗೆ ಎರಡು ಹೊತ್ತಿಗೂ ಸಾಲದ ಅಳತೆ.

ತಾಳವಾಡಿ ಪ್ರಸ್ಥಭೂಮಿ ಬಹುಪಾಲು ಮಳೆಯನ್ನೇ ನಂಬಿದ ನೆಲ. ಇಂದು ಬೋರ್‌ವೆಲ್ ನೀರಿನಲ್ಲಿ ಆಲೂಗಡ್ಡೆ, ಎಲೆಕೋಸು, ಅರಿಶಿನ, ಚೆಂಡುಹೂವು ಬೆಳೆಯುತ್ತದೆ. ಅಂದು ರಾಗಿ, ಜೋಳ, ಹುರುಳಿ. ಅಂಥ ನೆಲದಲ್ಲಿ ಹದ ಬಂದಾಗ ಉಳುವ ಆಳು ಇಲ್ಲದಿದ್ದರೆ ಆ ವರ್ಷವೇ ಹೋಯಿತು. ಮನೆಯ ಗಂಡಾಳು ಸಾವಿರಾರು ಮೈಲಿ ದೂರದಲ್ಲಿ ಕಲ್ಲಿಗೆ ಸುಣ್ಣ ಬಳಿಯುತ್ತಿರುವಾಗ ಊರಿನಿಂದ 'ಯಾವಾಗ ಬರುತ್ತೀಯ' ಎಂಬ ಕಾಗದ ಬಂದರೆ ಉತ್ತರ ಬರೆಯುವುದು ಹೇಗೆ? ಮನಿಯಾರ್ಡರ್ ಕಳಿಸಿದರೂ ಅಂಗಡಿಯಲ್ಲಿ ಧಾನ್ಯವಿರಬೇಕಲ್ಲ. ಮನೆಯ ಸಂಕಷ್ಟದ ಕಾರಣಕ್ಕೆ ಬೇಗ ಬಿಡುವ ಅವಕಾಶ ನಿಯಮದಲ್ಲಿತ್ತು. ಆದರೆ ಅರ್ಜಿ ಬರೆಯಬೇಕು, ಅದು ಮೇಲಿನವರೆಗೆ ಹೋಗಬೇಕು, ಊರಿನಿಂದ ದೃಢೀಕರಣ ಬರಬೇಕು.

ಮೈಸೂರು ಲ್ಯಾನ್ಸರ್ಸ್ ಕಾದ ಕಥೆ

ಇದು ಕನ್ನಡಿಗರಿಗೆ ಹೊಸ ಅನುಭವವಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಇದಕ್ಕಿಂತ ಉದ್ದಕ್ಕೆ ಕಾದವರಿದ್ದರು.

ನಾಲ್ವಡಿ ಕೃಷ್ಣರಾಜ ಒಡೆಯರು 1914ರಲ್ಲಿ ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಜೊತೆಗೆ ಮೈಸೂರು ಲ್ಯಾನ್ಸರ್ಸ್ ಅಶ್ವದಳವನ್ನೂ ಕಳಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಳ ಬೆಂಗಳೂರು ಬಿಟ್ಟು ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಪ್ಯಾಲೆಸ್ಟೀನ್. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಸೇರಿ ಹೈಫಾ ಪಟ್ಟಣ ಹಿಡಿದಿದ್ದು ಪ್ರಸಿದ್ಧ. ಫಿರಂಗಿ, ಮೆಷಿನ್‌ಗನ್ ಎದುರು ಭರ್ಜಿ ಹಿಡಿದ ಕುದುರೆ ಸವಾರರು ಗೆದ್ದ ಕಾಳಗವದು. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಬಳಿ ಮತ್ತೊಂದು ದಾಳಿ. ಅಕ್ಟೋಬರ್ 30ರಂದು ತುರ್ಕಿಯ ಜೊತೆ ಕದನ ವಿರಾಮಕ್ಕೆ ಸಹಿ ಬಿತ್ತು.

ಅಲ್ಲಿಗೆ ಅವರ ಯುದ್ಧ ಮುಗಿಯಿತು. ಆದರೆ ಲ್ಯಾನ್ಸರ್ಸ್ ಬೆಂಗಳೂರಿಗೆ ಮರಳಿದ್ದು 1920ರಲ್ಲಿ! ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಗೆದ್ದ ನೆಲದ ಕಾವಲುಗಾರರಾಗಿ ಉಳಿದರು. ಕುದುರೆ ಸವಾರನಿಗೆ ಒಂದು ವಿಷಯದಲ್ಲಿ ಸಮಾಧಾನ: ಕುದುರೆಗೆ ಕದನ ವಿರಾಮ ಗೊತ್ತಿಲ್ಲ. ದಿನವೂ ನೀರು, ಮೇವು, ಮಾಲಿಷು ಆಗಲೇಬೇಕು. ಸುಮ್ಮನೆ ಕೂರುವ ಕಾಲಾಳಿಗಿಂತ ಅವನ ದಿನ ಬೇಗ ಹೋಗುತ್ತಿತ್ತು. ಅದೇ ಹೊತ್ತಿನಲ್ಲಿ, 1918ರ ಕೊನೆಯ ತಿಂಗಳುಗಳಲ್ಲಿ, ಊರುಗಳಲ್ಲಿ ಇನ್‌ಫ್ಲುಯೆಂಜಾ ಜನರನ್ನು ಕೊಲ್ಲುತ್ತಿತ್ತು.

ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂದು ಹೆಸರಿಡಲಾಯಿತು. ಹೈಫಾ ಎಲ್ಲರಿಗೂ ನೆನಪಿದೆ. ಆಮೇಲಿನ ಆ ವರ್ಷ ಯಾರಿಗೂ ನೆನಪಿಲ್ಲ.

ಎರಡನೇ ಯುದ್ಧದಲ್ಲಿ ಮೈಸೂರು ಪದಾತಿ ದಳದ ಮೊದಲ ಬೆಟಾಲಿಯನ್‌ಗೆ ಸಿಕ್ಕಿದ್ದು ಇನ್ನೂ ಕಠಿಣ ಪಾಲು. ಅದು ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸೆರೆಯಾಯಿತು. ಮೂರೂವರೆ ವರ್ಷದ ನಂತರ ಭಾರತಕ್ಕೆ ಮರಳಿದ ಸೆರೆಯಾಳುಗಳು ನೇರ ಮನೆಗೆ ಹೋಗುವಂತಿರಲಿಲ್ಲ. ಸುಭಾಷ್ ಬಾಬು ಅವರ ಆಜಾದ್ ಹಿಂದ್ ಫೌಜ್ ಸೇರಿದ್ದರೋ ಇಲ್ಲವೋ ಎಂದು ವಿಚಾರಣೆ. ವಾಪಸು ಬಂದವರನ್ನು 'ಬಿಳಿ', 'ಬೂದು', 'ಕಪ್ಪು' ಎಂದು ಮೂರು ಗುಂಪು ಮಾಡಲಾಗುತ್ತಿತ್ತು. ಬಣ್ಣ ತೀರ್ಮಾನವಾಗುವವರೆಗೆ ಮತ್ತೊಂದು ಶಿಬಿರ, ಮತ್ತೊಂದು ಕಾಯುವಿಕೆ.

ತಾಳ್ಮೆ ಮುರಿದಾಗ

ಕಾಯಿಸಿದರೆ ಸೈನ್ಯದ ಶಿಸ್ತೂ ಕೆಡುತ್ತದೆ ಎಂಬುದನ್ನು ಸರ್ಕಾರಗಳು ಪದೇ ಪದೇ ಕಲಿತಿವೆ. 1919ರ ಮಾರ್ಚ್‌ನಲ್ಲಿ ವೇಲ್ಸ್‌ನ ಕಿನ್ಮೆಲ್ ಪಾರ್ಕ್ ಶಿಬಿರದಲ್ಲಿ ಹಡಗಿಗಾಗಿ ಕಾಯುತ್ತಿದ್ದ ಕೆನಡಾ ಸೈನಿಕರು ದಂಗೆಯೆದ್ದು ಐವರು ಸತ್ತರು. 1946ರ ಜನವರಿಯಲ್ಲಿ ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಬ್ರಿಟಿಷ್ ವಾಯುಪಡೆಯವರೇ ಕೆಲಸ ನಿಲ್ಲಿಸಿದರು. ಅವರ ಬೇಡಿಕೆ ಒಂದೇ, ಬೇಗ ಮನೆಗೆ ಕಳಿಸಿ. ಮುಷ್ಕರ ಭಾರತ, ಸಿಂಹಳ, ಸಿಂಗಪುರದ ನೆಲೆಗಳಿಗೂ ಹಬ್ಬಿತು. ಭಾರತೀಯ ವಾಯುಪಡೆಯವರೂ ಅದನ್ನೇ ಅನುಸರಿಸಿದರು.

ಅದರ ಮುಂದಿನ ತಿಂಗಳು ನೌಕಾಪಡೆಯ ಸರದಿ. ಫೆಬ್ರವರಿ 18ರಂದು ಮುಂಬಯಿಯ 'ತಲ್ವಾರ್' ತರಬೇತಿ ನೆಲೆಯಲ್ಲಿ ನಾವಿಕರು ಊಟ ನಿರಾಕರಿಸಿದರು. ಕೆಲವೇ ದಿನಗಳಲ್ಲಿ 78 ಹಡಗು, 20 ದಡದ ನೆಲೆ, ಸುಮಾರು 20 ಸಾವಿರ ನಾವಿಕರಿಗೆ ಹರಡಿತು. ಚರಿತ್ರೆ ಪುಸ್ತಕಗಳು ಇದನ್ನು ಸ್ವಾತಂತ್ರ್ಯದ ಹೋರಾಟವಾಗಿ ನೋಡುತ್ತವೆ. ಅದು ನಿಜ. ಆಜಾದ್ ಹಿಂದ್ ಸೈನಿಕರನ್ನು ಬಿಡಿ, ಇಂಡೋನೇಷ್ಯಾದಿಂದ ನಮ್ಮ ಸೈನ್ಯ ವಾಪಸು ಕರೆಸಿ ಎಂಬ ಬೇಡಿಕೆಗಳು ಅದರಲ್ಲಿದ್ದವು. ಅದೇ ಪಟ್ಟಿಯಲ್ಲಿ ಒಳ್ಳೆಯ ಊಟ, ಬೇಗ ಬಿಡುಗಡೆ ಎಂಬ ಬೇಡಿಕೆಗಳೂ ಇದ್ದವು. ಸರ್ದಾರ್ ಪಟೇಲರ ಸಲಹೆಯ ಮೇರೆಗೆ ಫೆಬ್ರವರಿ 23ರಂದು ನಾವಿಕರು ಶರಣಾದರು.

ಘಾಟಿ ಹತ್ತಿ ಮನೆಗೆ

ಕೊನೆಗೊಂದು ದಿನ ಹೆಸರು ಬರುತ್ತಿತ್ತು. ವೈದ್ಯರ ತಪಾಸಣೆ, ಬಂದೂಕು ಮತ್ತು ಸಾಮಾನು ವಾಪಸು, ಲೆಕ್ಕ ಚುಕ್ತಾ, ರೈಲು ವಾರಂಟ್. ಕೊನೆಗೆ ಡಿಸ್ಚಾರ್ಜ್ ಪುಸ್ತಕ. ಅದರಲ್ಲಿ ನಡತೆ, ಕಲಿತ ಕಸುಬು, ಪದಕ, ದೇಹದ ಗುರುತು.

ಬೆಟ್ಟಕ್ಕೆ ಬರಲು ಎರಡು ದಾರಿ. ಕೊಯಮತ್ತೂರು ಕಡೆಯಿಂದ ಬಿಟ್ಟವನು ಸತ್ಯಮಂಗಲಕ್ಕೆ ಬಂದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ದಿಂಬಂ ಘಾಟಿ ಹತ್ತಿ ಹಾಸನೂರಿನ ಕಾಡು ದಾಟಬೇಕು. ಬೆಂಗಳೂರಿನಿಂದ ಬಿಟ್ಟವನು ಮೈಸೂರು, ನಂಜನಗೂಡು ದಾಟಿ ಚಾಮರಾಜನಗರದವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ರಸ್ತೆ ಹಿಡಿಯಬೇಕು. ಆ ರೈಲು ಹಳಿ ಇಂದಿಗೂ ಚಾಮರಾಜನಗರದಲ್ಲೇ ನಿಂತಿದೆ. ಸತ್ಯಮಂಗಲದ ಮೂಲಕ ಮೆಟ್ಟುಪಾಳ್ಯಕ್ಕೆ ಜೋಡಿಸುವ ಯೋಜನೆ ಕಾಗದದಲ್ಲೇ ಇದೆ.

ಊರಿಗೆ ಬಂದವನ ಕೈಯಲ್ಲಿ ಗ್ರಾಚ್ಯುಟಿಯ ಸ್ವಲ್ಪ ಹಣವಿತ್ತು, ಪಿಂಚಣಿ ಇರಲಿಲ್ಲ. ಯುದ್ಧ ಮುಗಿಯುವವರೆಗೆ ಮಾತ್ರ ಎಂದು ಭರ್ತಿಯಾದವರಿಗೆ ಪಿಂಚಣಿಗೆ ಬೇಕಾದಷ್ಟು ವರ್ಷಗಳ ಸೇವೆ ಆಗಿರಲಿಲ್ಲ. ಸರ್ಕಾರ ಮಾಡಿದ ಏರ್ಪಾಡು ಬೇರೆ. ಯುದ್ಧ ಕಾಲದಲ್ಲಿ ಪ್ರತಿ ಸೈನಿಕನ ಲೆಕ್ಕದಲ್ಲಿ ತಿಂಗಳಿಗೆ 2 ರೂಪಾಯಿ, ಶಸ್ತ್ರ ಹಿಡಿಯದ ಸಹಾಯಕರ ಲೆಕ್ಕದಲ್ಲಿ 1 ರೂಪಾಯಿ ಪುನರ್ನಿರ್ಮಾಣ ನಿಧಿಗೆ ಹಾಕಿತ್ತು. ಆ ಹಣ ಸೈನಿಕನ ಕೈಗೆ ಬರಲಿಲ್ಲ. ಅವರೆಲ್ಲರ ಕಲ್ಯಾಣಕ್ಕೆಂದು ಪ್ರಾಂತಗಳಿಗೆ ಹೋಯಿತು. ಮದ್ರಾಸ್ ಸರ್ಕಾರ ವಯನಾಡಿನಲ್ಲಿ ಕಾಡು ಕಡಿಸಿ ಮಾಜಿ ಸೈನಿಕರಿಗೆ ಭೂಮಿ ಕೊಡುವ ವಸಾಹತು ಯೋಜನೆ ನಡೆಸಿತು.

ಇನ್ನೊಂದು ಏರ್ಪಾಡು ಎಲ್ಲರಿಗೂ ಪರಿಚಿತ, ಮೂಲ ಮಾತ್ರ ಮರೆತುಹೋಗಿದೆ. ಬಿಡುಗಡೆಯಾದ ಸೈನಿಕರಿಗೆ ಕೆಲಸ ಹುಡುಕಿಕೊಡಲು 1945ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ನಿರ್ದೇಶನಾಲಯ ಮಾಡಿ ಊರೂರಿಗೆ ಕಚೇರಿ ತೆರೆಯಿತು. ಮೊದಲು ಅದು ಸೈನಿಕರಿಗೂ ಯುದ್ಧದ ಕೆಲಸಗಾರರಿಗೂ ಮೀಸಲು. 1948ರಲ್ಲಿ ಎಲ್ಲ ನಿರುದ್ಯೋಗಿಗಳಿಗೂ ತೆರೆಯಿತು. ಅದೇ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್! ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಕಾರ್ಡ್ ಮಾಡಿಸಲು ಮೂರು ತಲೆಮಾರಿನ ಹುಡುಗರು ಸಾಲು ನಿಂತ ಕಚೇರಿ, ಬಿಡುಗಡೆಗೆ ಕಾದ ಸೈನಿಕರ ಸಲುವಾಗಿ ಹುಟ್ಟಿದ್ದು.

ಈಗಿನ ಕ್ರಮ, ಈಗಿನ ಪ್ರಶ್ನೆ

ಇಂದಿನ ಜವಾನನ ಬಿಡುಗಡೆ ಹೀಗೆ ಅನಿಶ್ಚಿತವಲ್ಲ. ನಿವೃತ್ತಿಯ ದಿನ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಮುಂಚೆ ಆತ ತನ್ನ ರೆಜಿಮೆಂಟ್ ಕೇಂದ್ರಕ್ಕೆ ಬಂದು 'ಡಿಸ್ಚಾರ್ಜ್ ಡ್ರಿಲ್' ಮುಗಿಸುತ್ತಾನೆ. ವೈದ್ಯಕೀಯ ಮಂಡಳಿ, ಪಿಂಚಣಿ ಕಾಗದ, ಬ್ಯಾಂಕ್ ಖಾತೆ, ಕುಟುಂಬದ ಹೆಸರುಗಳ ಪರಿಶೀಲನೆ ಅಲ್ಲಿ ನಡೆಯುತ್ತದೆ. 15 ವರ್ಷ ಸೇವೆ ಮಾಡಿದವನಿಗೆ ಪಿಂಚಣಿ ಉಂಟು. 2003ರಿಂದ ಮಾಜಿ ಸೈನಿಕರ ವೈದ್ಯಕೀಯ ಯೋಜನೆ ಇದೆ. ಒಂದು ಶ್ರೇಣಿ ಒಂದು ಪಿಂಚಣಿ 2014ರ ಜುಲೈ 1ರಿಂದ ಅನ್ವಯ. ಕಾಗದದಲ್ಲಿ ಹೆಂಡತಿಯ ಹೆಸರಿನ ಒಂದು ಅಕ್ಷರ ತಪ್ಪಿದರೂ ಮುಂದೆ ಕುಟುಂಬ ಪಿಂಚಣಿಗೆ ಅಲೆಯಬೇಕಾಗುತ್ತದೆ. ಗಡಿ ಸೀಮೆಯವರು ಇದನ್ನು ಹೆಚ್ಚು ಗಮನಿಸಬೇಕು. ಕನ್ನಡದ ಹೆಸರು ತಮಿಳಿನ ದಾಖಲೆಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಮೂರು ಕಡೆ ಮೂರು ರೀತಿ ಆಗುವುದುಂಟು.

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆ ಹಳೆಯ ಪ್ರಶ್ನೆಯನ್ನು ಮತ್ತೆ ತಂದಿದೆ. ಅಗ್ನಿವೀರನ ಸೇವೆ ನಾಲ್ಕು ವರ್ಷ. ಅವರಲ್ಲಿ ಶೇಕಡ 25ರವರೆಗೆ ಕಾಯಂ ಸೇವೆಗೆ ತೆಗೆದುಕೊಳ್ಳುವುದು, ಉಳಿದವರನ್ನು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಕೊಟ್ಟು ಕಳಿಸುವುದು ಘೋಷಿತ ನಿಯಮ. ಪಿಂಚಣಿ ಇಲ್ಲ. ಮೊದಲ ತಂಡಗಳ ತರಬೇತಿ 2022ರ ಕೊನೆ ಮತ್ತು 2023ರ ಆರಂಭದಲ್ಲಿ ಶುರುವಾಯಿತು. 1946ರ ಸೈನಿಕ ಬಿಡುಗಡೆ ಯಾವಾಗ ಎಂದು ಕಾದ. ಅಗ್ನಿವೀರನಿಗೆ ಬಿಡುಗಡೆಯ ದಿನ ಗೊತ್ತು. ತಾನು ಉಳಿಯುವ ನಾಲ್ವರಲ್ಲಿ ಒಬ್ಬನೋ, ಊರಿಗೆ ಮರಳುವ ಮೂವರಲ್ಲಿ ಒಬ್ಬನೋ ಎಂಬುದಕ್ಕೆ ಆತ ಕಾಯುತ್ತಾನೆ. ಬಿಡುವಿನ ಹೊತ್ತನ್ನು ಓದಿಗೆ, ಕಸುಬು ಕಲಿಯಲು ಬಳಸಿಕೊಂಡವನಿಗೆ ಎರಡು ಕಾಲದಲ್ಲೂ ಅನುಕೂಲವೇ.

ಟ್ರಂಕು ತೆಗೆದು ನೋಡಿ

ಕೊನೆಯದಾಗಿ, ಹಳೆಯ ಕುಟುಂಬಗಳಿಗೆ ಸಂಬಂಧಿಸಿದ ಒಂದು ಮಾತು. ಪಿಂಚಣಿ ಇಲ್ಲದೆ ಬಿಟ್ಟ ಸೈನಿಕನ ಸೇವಾ ದಾಖಲೆಯನ್ನು ಸೈನ್ಯದ ರೆಕಾರ್ಡ್ ಕಚೇರಿಗಳು 25 ವರ್ಷ ಇಟ್ಟುಕೊಂಡು ನಂತರ ನಾಶ ಮಾಡಬಹುದು ಎಂಬುದು ನಿಯಮ. ಎರಡನೇ ಮಹಾಯುದ್ಧದ ಸೈನಿಕರ ವಿಷಯದಲ್ಲಿ ಆ ಅವಧಿ 1970ರ ದಶಕದಲ್ಲೇ ಮುಗಿಯಿತು. ಆದ್ದರಿಂದ ಬಹಳ ಮನೆಗಳ ಮಟ್ಟಿಗೆ ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಪುಸ್ತಕವೇ ಉಳಿದಿರುವ ಪೂರ್ಣ ದಾಖಲೆ. ಎರಡನೇ ಮಹಾಯುದ್ಧದ ಪಿಂಚಣಿರಹಿತ ಸೈನಿಕರಿಗೂ ಅವರ ವಿಧವೆಯರಿಗೂ ತಿಂಗಳ ನೆರವು ಕೊಡುವ ಯೋಜನೆ ರಾಜ್ಯ ಸರ್ಕಾರಗಳಲ್ಲಿದೆ. ಅದಕ್ಕೂ ಈ ಪುಸ್ತಕವೇ ಆಧಾರ.

ಬೆಟ್ಟದ ಮೇಲಿನವರು ಇದಕ್ಕಾಗಿ ಹೋಗಬೇಕಾದುದು ಚಾಮರಾಜನಗರಕ್ಕಲ್ಲ, ಈರೋಡಿನಲ್ಲಿರುವ ಮಾಜಿ ಸೈನಿಕರ ಕಲ್ಯಾಣ ಕಚೇರಿಗೆ. ತಮಿಳಿನಲ್ಲಿ 'ಮುನ್ನಾಳ್ ಪಡೈವೀರರ್ ನಲ ಅಲುವಲಗಂ' ಎಂದು ಬೋರ್ಡಿರುತ್ತದೆ. ಯುದ್ಧದಲ್ಲಿ ಮಡಿದು ಮನೆಗೆ ಬಾರದೇ ಹೋದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಬಹುದು. ಬರ್ಮಾದ ತೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಂಬಗಳ ಮೇಲೆಯೇ ಸುಮಾರು 27 ಸಾವಿರ ಹೆಸರುಗಳಿವೆ.

ಪುಸ್ತಕ ಸಿಕ್ಕಿದರೆ ಮೊದಲು ಅದರ ಎಲ್ಲ ಪುಟಗಳ ನಕಲು ಮಾಡಿಸಿಡಿ. ಹಳೆಯ ಕಾಗದ, ಮಡಿಕೆಯಲ್ಲಿ ಬೇಗ ಹರಿಯುತ್ತದೆ. ಆಮೇಲೆ ಸೇರಿದ ದಿನ, ಬಿಟ್ಟ ದಿನ ಎರಡನ್ನೂ ಓದಿ. 1945ರ ಆಗಸ್ಟ್ 15ರ ನಂತರ ಎಷ್ಟು ತಿಂಗಳಿವೆ ಎಂದು ಲೆಕ್ಕ ಹಾಕಿ. ಅಷ್ಟು ತಿಂಗಳು ಆ ಮನೆಯಲ್ಲೂ ಯಾರೋ ಕಾದಿದ್ದರು.